ನೀರಿನ ಲೆಕ್ಕದಲ್ಲಿ ಇಬ್ಬರು

ಭಾನುವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ,

ಎರಡು ವರ್ಷದಿಂದ ಈ ಮನೆಯಲ್ಲಿ ಇಲ್ಲದವರನ್ನು ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ. ‘ಮಾನ್ಯರೇ’ ಎಂದು ಬರೆಯೋಣವೆಂದರೆ ನೀವು ನೀರು ಸರಬರಾಜು ಕಚೇರಿಯವರಲ್ಲ. ಹಾಗಾಗಿ ಹಳೆಯದೇ ಇರಲಿ. ನಾನು ಚೆನ್ನಾಗಿದ್ದೇನೆ. ಕನ್ನಡಕದಂಗಡಿಯ ಕೆಲಸ ನಡೆದುಕೊಂಡು ಹೋಗುತ್ತಿದೆ. ದಿನವಿಡೀ ಕಂಡವರ ಮೂಗಿನ ಮೇಲೆ ಫ್ರೇಮು ಕೂರಿಸಿ, ಅಕ್ಷರ ಕಾಣಿಸುತ್ತಾ ಎಂದು ಕೇಳುತ್ತೇನೆ. ಅಂಗಡಿ ಮುಚ್ಚಿದ ಮೇಲೆ ಯಾರನ್ನೂ ಏನೂ ಕೇಳುವುದಿರುವುದಿಲ್ಲ. ನಿಮ್ಮ ಅಕ್ಕನ ಮಂಡಿನೋವು ಈಗ ಹೇಗಿದೆ?

ಮನೆ ಮಾರುವುದಾದರೆ ಮೊದಲು ನೀರಿನದ್ದು ಸರಿಮಾಡಿಸು, ಸೋರೋ ಮನೆಗೆ ಯಾರು ಬೆಲೆ ಕೊಡ್ತಾರೆ ಅಂತ ನೀವು ಫೋನಿನಲ್ಲಿ ಅಂದಿದ್ದಿರಲ್ಲ, ಎಲ್ಲವನ್ನೂ ಮಾಡಿಸಿದ್ದೇನೆ. ನಲ್ಲಿಗಳ ಬಾಯಿಗೆ ಜಾಲರಿ ಹಾಕಿಸಿದೆ. ನೀರು ಕಮ್ಮಿ ಬರುತ್ತದೆ, ಸದ್ದು ಮಾತ್ರ ಮೊದಲಿನಷ್ಟೇ. ಫ್ಲಶ್ಶಿಗೆ ಈಗ ಎರಡು ಗುಂಡಿ, ಒಂದು ಸಣ್ಣದಕ್ಕೆ, ಒಂದು ದೊಡ್ಡದಕ್ಕೆ. ಬಟ್ಟೆ ಒಗೆಯುವ ಯಂತ್ರದ ನೀರು ಪೈಪಿನಲ್ಲಿ ಹಿತ್ತಲಿನ ಗಿಡಗಳಿಗೆ ಹೋಗುತ್ತದೆ. ತಾರಸಿಯ ಮಳೆನೀರಿಗೆ ಅಂಗಳದಲ್ಲಿ ಸಂಪು ತೋಡಿಸಿದೆ. ಪ್ಲಂಬರ್ ಇದ್ದ ವಾರ ಮನೆ ಮನೆಯಂತಿತ್ತು. ಅವನು ಬಚ್ಚಲಿನಿಂದ ಅಮ್ಮಾ, ನೀರು ಬಿಡಿ ಅಂತ ಕೂಗುವುದು, ನಾನು ಹೊರಗಿನಿಂದ ಬಂತೇನಪ್ಪಾ ಅಂತ ಕೇಳುವುದು. ಕೆಲಸ ಮುಗೀತು ಎಂದು ಅವನು ಸಾಮಾನು ಕಟ್ಟಿದಾಗ, ಮಹಡಿಯ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಸುಳ್ಳು ಹೇಳಿ ಮರುದಿನವೂ ಕರೆಸಿದೆ. ಪಾಪ, ಅರ್ಧ ದಿನ ಬಿಚ್ಚಿ ಕಟ್ಟಿ, ಏನೂ ಇಲ್ಲವಲ್ಲ ಅಮ್ಮಾ ಎಂದು ಹೋದ.

ಇನ್ನು ವ್ಯಾಪಾರದ ವಿಷಯ. ಇದೆಲ್ಲ ಮಾಡಿಸಿದ ಆರು ತಿಂಗಳ ನಂತರ ದಲ್ಲಾಳಿ ಬಂದು ಮೀಟರು ನೋಡಿದ. ಮೀಟರು ಕೆಟ್ಟಿದೆಯೇನೋ ಎಂದು ತಟ್ಟಿದ, ನಲ್ಲಿ ಬಿಡಿಸಿ ನೋಡಿದ. ಮುಳ್ಳು ತಿರುಗಿತು. ಈ ಬೀದಿಯಲ್ಲೇ ಇಷ್ಟು ಕಡಿಮೆ ನೀರು ಉಪಯೋಗಿಸುವ ಮನೆ ಇನ್ನೊಂದಿಲ್ಲ ಎಂದು ಅವನಿಗೆ ಹಿಗ್ಗೋ ಹಿಗ್ಗು. ಈಗ ಜನ ಹಾಲ್ ಎಷ್ಟು ದೊಡ್ಡದು ಅಂತ ಕೇಳಲ್ಲಮ್ಮಾ, ಬೇಸಗೆಯಲ್ಲಿ ನೀರಿಗೆ ಏನು ಗತಿ ಅಂತ ಕೇಳ್ತಾರೆ, ಇಂಥ ಮನೆಗೆ ಬೆಲೆ ತಾನಾಗೇ ಏರುತ್ತೆ ಅಂದ. ಆಮೇಲೆ, ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ಕೇಳಿದ.

ಇಬ್ಬರು ಎಂದೆ.

ಬೆಲೆ ಏರಿಸಲು ಹಾಗೆ ಹೇಳಿದ್ದಲ್ಲ, ದಯವಿಟ್ಟು ನಂಬಿ. ನೀವು ಹೋದ ದಿನದಿಂದ ಬೀದಿಯವರಿಗೆ, ಅಂಗಡಿಯ ಯಜಮಾನರಿಗೆ, ಹಾಲು ತಂದುಕೊಡುವವನಿಗೆ ನಾನು ಹೇಳಿಕೊಂಡು ಬಂದಿರುವುದು ಅದನ್ನೇ. ಇವರಿಗೆ ಬೇರೆ ಊರಿಗೆ ವರ್ಗವಾಗಿದೆ, ರಜೆ ಸಿಕ್ಕಾಗಲೆಲ್ಲ ಬಂದುಹೋಗುತ್ತಾರೆ, ಬಂದಾಗ ರಾತ್ರಿಯಾಗಿರುತ್ತದೆ, ಅದಕ್ಕೇ ನಿಮಗೆ ಕಾಣಿಸುವುದಿಲ್ಲ. ಕೇಳುವವರೂ ಒಳ್ಳೆಯವರು, ತಲೆಯಾಡಿಸಿ ಸುಮ್ಮನಾಗುತ್ತಾರೆ. ಇಬ್ಬರು ಎಂಬುದು ನಾಲಿಗೆಯ ತುದಿಯಲ್ಲೇ ಇರುತ್ತದೆ, ಅಂದೂ ಹಾಗೇ ಬಂದುಬಿಟ್ಟಿತು. ದಲ್ಲಾಳಿ ನಿಂತಲ್ಲೇ ಎರಡರಿಂದ ಭಾಗಿಸಿ, ತಲೆಗೆ ಇಷ್ಟೇ ನೀರು ಎಂದು ಬೋರ್ಡು ಬರೆಸಿ ಗೇಟಿಗೆ ನೇತುಹಾಕಿದ. ಬೆಲೆಯನ್ನೂ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿದ.

ಆ ಬೋರ್ಡು ನೋಡಿ ಬಂದವರು ಒಬ್ಬ ಮೇಷ್ಟ್ರು. ಅವರು, ಹೆಂಡತಿ, ಮೂರು ಮಕ್ಕಳು, ಮೇಷ್ಟ್ರ ತಾಯಿ, ಒಟ್ಟು ಆರು ಜನ. ಈಗಿರುವ ಬಾಡಿಗೆ ಮನೆಯಲ್ಲಿ ವಾರ ವಾರವೂ ಟ್ಯಾಂಕರಿಗೆ ಕಾಯುತ್ತಾರಂತೆ. ಆ ಹೆಂಗಸು ನನ್ನ ಬಚ್ಚಲಿನಲ್ಲಿ ನಿಂತು ನಲ್ಲಿ ತಿರುಗಿಸಿ ಕೈಯೊಡ್ಡಿ, ಅಕ್ಕಾ, ಟ್ಯಾಂಕರಿನವನಿಗೆ ಸುರಿಯೋದು ಉಳಿದರೆ ಸಾಲದ ಕಂತು ಹೇಗೋ ಕಟ್ಕೋತೀವಿ ಅಂದರು. ಬ್ಯಾಂಕಿನವರು ಕೊಡುವಷ್ಟೂ ಸಾಲ ತೆಗೆಯುತ್ತಿದ್ದಾರೆ. ಗುರುವಾರ ಮುಂಗಡ ಕೊಡುವುದೆಂದು ಮಾತಾಗಿದೆ.

ಆದರೆ ನೀರು ಉಳಿಸಿರುವುದು ಜಾಲರಿಯಲ್ಲ, ನಾನು. ಉಳಿಸಬೇಕೆಂದು ಉಳಿಸಿದ್ದೂ ಅಲ್ಲ. ಒಂದು ಸಲ ಅನ್ನ ಮಾಡಿದರೆ ಮರುದಿನಕ್ಕೂ ಆಗುತ್ತದೆ. ತಟ್ಟೆ ಹಾಕಿಕೊಳ್ಳುವುದೇ ಬೇಡವೆಂದು ಪಾತ್ರೆಯಲ್ಲೇ ತಿನ್ನುತ್ತೇನೆ. ಯಂತ್ರ ತುಂಬುವಷ್ಟು ಬಟ್ಟೆಯಾಗುವುದಿಲ್ಲ. ಎರಡು ಸೀರೆ, ಒಂದು ಟವೆಲ್ಲು ಹಾಕಿ ತಿರುಗಿಸಲು ನಾಚಿಕೆಯಾಗಿ ಕೈಯಲ್ಲೇ ಹಿಂಡುತ್ತೇನೆ. ಹಿತ್ತಲಿನ ಗಿಡಗಳು ಹೊಸ ಪೈಪಿನ ಬಾಯಿ ನೋಡಿ ನೋಡಿ ಒಣಗಿವೆ. ಬಚ್ಚಲಿನಿಂದ ಬೇಗ ಬಾ ಎನ್ನುವವರೂ ಇಲ್ಲ, ಆದರೂ ಅರ್ಧ ಬಕೆಟ್ಟಿನಲ್ಲಿ ಮುಗಿಸಿ ಬಂದುಬಿಡುತ್ತೇನೆ. ಆರು ಜನ ಈ ಮನೆಗೆ ಬಂದರೆ ಸಂಪು ಬೇಸಗೆಯ ಅರ್ಧಕ್ಕೇ ತಳ ಕಾಣುತ್ತದೆ. ಆಗ ಆ ಹೆಂಗಸು ಮತ್ತೆ ಟ್ಯಾಂಕರಿಗೆ ಫೋನು ಮಾಡಬೇಕು, ಕಂತೂ ಕಟ್ಟಬೇಕು. ನೆನೆದರೆ ನಿದ್ದೆ ಬರುವುದಿಲ್ಲ.

ನಿಜ ಹೇಳಿದರೆ ಬೆಲೆ ಇಳಿಯುತ್ತದೆ, ವ್ಯಾಪಾರವೇ ಮುರಿದರೂ ಮುರಿಯಬಹುದು. ನೀವು ಅಲ್ಲಿ ನೋಡಿಟ್ಟಿರುವ ಫ್ಲ್ಯಾಟಿನವರು ಈ ಹಣಕ್ಕೇ ಕಾಯುತ್ತಿದ್ದಾರೆಂದು ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ, ಏನು ಮಾಡಲಿ? ಹಣದ್ದೊಂದೇ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅವರ ಮುಂದೆ ನಿಂತು, ಈ ಮನೆಯಲ್ಲಿ ಇರುವುದು ನಾನೊಬ್ಬಳೇ ಎಂದು ಬಾಯಿಬಿಟ್ಟು ಹೇಳಬೇಕು. ಇದುವರೆಗೆ ಯಾರಿಗೂ ಹೇಳಿಲ್ಲ. ಕನ್ನಡಿಗೂ ಹೇಳಿಲ್ಲ.

ಇನ್ನೊಂದು ದಾರಿಯೂ ಇದೆ. ನೀವು ಒಂದು ತಿಂಗಳು ಬಂದು ಇರಿ. ಬೇಕಾದಷ್ಟು ಹೊತ್ತು ಸ್ನಾನ ಮಾಡಿ, ಕಾಫಿ ಕುಡಿದ ಲೋಟಗಳನ್ನು ಕಂಡಕಂಡಲ್ಲಿ ಇಡಿ, ನಾನು ಗೊಣಗುವುದಿಲ್ಲ. ತಿಂಗಳ ಕೊನೆಗೆ ಮೀಟರು ಎಷ್ಟು ತೋರಿಸುತ್ತದೋ ಅದೇ ಇಬ್ಬರ ಲೆಕ್ಕ. ಬೋರ್ಡಿಗೆ ಅದನ್ನೇ ಬರೆಸೋಣ. ತಮಾಷೆಗೆ ಬರೆದೆ, ರಜೆಗಿಜೆ ಹಾಕಲು ಹೋಗಬೇಡಿ. ಹಾಕಿದರೆ ಮಾತ್ರ ಮೊದಲೇ ತಿಳಿಸಿ, ಮಹಡಿಯ ಕೋಣೆ ಗುಡಿಸಬೇಕು.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ನೀವು ‘ಇವಳು’ ಎಂದು ಕರೆಯುತ್ತಿದ್ದವಳು

ಮರೆತದ್ದು: ಮರೆತದ್ದೇನಲ್ಲ, ಈಗ ಬುಧವಾರ. ಕಾಗದ ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಇವತ್ತು ಮೇಷ್ಟ್ರ ಹೆಂಡತಿ ಕಿಟಕಿಯ ಅಳತೆ ತೆಗೆದುಕೊಳ್ಳಲು ಬಂದರು, ಪರದೆ ಹೊಲಿಸಬೇಕಂತೆ. ಟೇಪಿನ ಒಂದು ತುದಿ ನಾನು ಹಿಡಿದುಕೊಂಡಿದ್ದೆ. ಹಿಡಿದುಕೊಂಡೇ ಹೇಳಿಬಿಟ್ಟೆ. ಅವರು ಬೋರ್ಡಿನ ಮಾತು ಎತ್ತಲಿಲ್ಲ, ಬೆಲೆಯ ಮಾತೂ ಎತ್ತಲಿಲ್ಲ. ಎಷ್ಟು ದಿನದಿಂದ ಅಕ್ಕಾ, ಅಂತ ಮಾತ್ರ ಕೇಳಿದರು. ಸಂಜೆ ಮೇಷ್ಟ್ರೇ ಬಂದು, ಮನೆ ಬೇಕು, ಆದರೆ ಏರಿಸುವ ಮುಂಚಿನ ಬೆಲೆಗೆ ಎಂದರು. ಆಗಲಿ ಎಂದೆ. ನಿಮ್ಮನ್ನು ಕೇಳದೆ ಒಪ್ಪಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಕಡಿಮೆಯಾದಷ್ಟನ್ನೂ ನನ್ನ ಪಾಲಿನಲ್ಲೇ ಮುರಿದುಕೊಳ್ಳಿ. ಒಬ್ಬಳಿಗೆ ಎಷ್ಟು ಬೇಕು.