ಭಾವನ ಮಾತ್ರೆ ಇನ್ನು ಮುಟ್ಟಬೇಡ

ಗಿಡಿಯನ್,

ರಕ್ತಪರೀಕ್ಷೆಗೆ ಎರಡು ಟಗರಿನ ಬೆಲೆ ಹೋಯಿತೆಂದು ಗೊಣಗಬೇಡ. ನೀನು ಕುರಿದೊಡ್ಡಿಯಲ್ಲಿದ್ದಾಗ ಅದರ ಫಲಿತಾಂಶ ಹೇಳಲು ಡಾಕ್ಟರು ಫೋನ್ ಮಾಡಿದ್ದರು. ನಾನು ಚರ್ಚಿನ ಸಂತೆಗೆ ಹಾಲಿನ ಸಿಹಿ ಟಾರ್ಟ್ ಕೊಟ್ಟು ಸಂಜೆ ಬರುತ್ತೇನೆ.

ನಿನಗೂ ನಿನ್ನಣ್ಣ ಫ್ಲೋರಿಸ್ ಭಾವನಿಗೂ ಕೊಲೆಸ್ಟ್ರಾಲ್ ಬಂದದ್ದು ನಿಮ್ಮಪ್ಪನಿಂದಲೇ. ಆದರೆ ನೀನು ಅವರಿಂದ ತಂದು ನುಂಗುತ್ತಿದ್ದ ಮಾತ್ರೆಯನ್ನು ರಕ್ತದಿಂದ ಬೇಗ ಎಳೆದುಕೊಳ್ಳುವ ಗುಣ ಭಾವನ ಪಿತ್ತಜನಕಾಂಗಕ್ಕಿದೆ, ನಿನ್ನದಕ್ಕೆ ಹುಟ್ಟಿನಿಂದಲೇ ಇಲ್ಲವಂತೆ. ಅವರಿಗೆ ಒಗ್ಗಿದ್ದು ನಿನ್ನ ರಕ್ತದಲ್ಲೇ ಉಳಿದು ಮೀನಖಂಡ ಹಿಂಡಿತು. "ಒಂದೇ ತಾಯಿ ಮಕ್ಕಳು, ತೂಕಾನೂ ಒಂದೇ, ಡೋಸ್ ಯಾಕೆ ಬೇರೆ ಆಗತ್ತೆ?" ಅಂದಿದ್ದೆಯಲ್ಲ, ಮಹಾರಾಯ! ಇಡೀ ಮಂದೆಗೆ ಒಂದೇ ಡಬ್ಬಿಯಿಂದ ಔಷಧಿ ಕುಡಿಸಿ ಅಭ್ಯಾಸವಾದವನು ನೀನು.

ನೋವಿಗೆ ಬೇಸತ್ತು ಮಾತ್ರೆಯನ್ನೇ ಬಿಡುತ್ತೇನೆ ಎಂದಾಗ ನನಗೆ ನಿಮ್ಮಪ್ಪನೇ ನೆನಪಾದರು. ಮಾವ ಹೃದಯಾಘಾತದಿಂದ ಹೋದದ್ದು ನಲವತ್ತಾರಕ್ಕೆ. ನಿನಗೀಗ ನಲವತ್ತೈದು.

ಎರಡು ತಿಂಗಳಿಂದ ತೆಗೆದುಕೊಳ್ಳುತ್ತಿರುವ ಹೊಸ ಮಾತ್ರೆಯನ್ನೇ ಮುಂದುವರಿಸಬೇಕು. ನೀಲಿ ಪೆಟ್ಟಿಗೆ ಬ್ರೆಡ್ ಡಬ್ಬಿಯ ಮೇಲಿದೆ, ದಿನಕ್ಕೊಂದು. ಭಾವನ ಸೀಸೆಯನ್ನು ಅವರಿಗೇ ಕೊಟ್ಟುಬಂದೆ. "ನನ್ನ ಹಳೇ ಬೂಟೂ ಬೇಕೇನೋ ಕೇಳಮ್ಮ ಅವನನ್ನ" ಎಂದು ನಗುತ್ತಿದ್ದರು.

ಒಲೆಯ ಮೇಲೆ ಹುರುಳಿಕಾಯಿ ಸೂಪ್ ಇದೆ. ಕುರಿಬಾಲದ ಕೊಬ್ಬು ನಾಯಿಗೆ, ನಿನಗಲ್ಲ.

ಭಾವನ ಮಾತ್ರೆ ನುಂಗಿ ಆರು ತಿಂಗಳು ಸುಮ್ಮನೆ ನರಳಿದೆ, ಅದು ಹೋದದ್ದೇ. ಈಗ ಕೊಲೆಸ್ಟ್ರಾಲ್ ಅರ್ಧಕ್ಕಿಳಿದಿದೆ. ನಿನ್ನೆ ನೀನು ಮಂದೆಯ ಹಿಂದೆ ಗುಡ್ಡದ ಗಾಳಿಯಂತ್ರದವರೆಗೆ ಎಲ್ಲೂ ಕೂರದೆ ನಡೆದುಬಂದೆ.

ಅಲೀಡಾ