ಅಟ್ಟದ ಸದ್ದು

ಮೈಸೂರು
೧೪-೩-೧೯೯೮

ಪ್ರಿಯ ತಮ್ಮ ರುದ್ರೇಶನಿಗೆ ಅಕ್ಕನ ಆಶೀರ್ವಾದಗಳು.

ಅಟ್ಟದ ಸದ್ದನ್ನು ತುಂಬಿ ನೀನು ಕಳಿಸಿದ ಕ್ಯಾಸೆಟ್ ತಲುಪಿತು. "ಅಟ್ಟಕ್ಕೆ ಯಾರೂ ಹತ್ತಲ್ಲ, ಆದ್ರೂ ಸದ್ದಾಗ್ತೈತೆ. ಏನಂತ ಅವ್ವಂಗೆ ಹೇಳ್ಬುಡಕ್ಕ" ಎಂದು ಬರೆದಿದ್ದೀಯ. ದೆವ್ವವೆಂದು ಹೆದರಿದ್ದೀಯಲ್ಲ ಎಂದು ಓದಿ ಸಿಟ್ಟು ಬಂತು. ಹಿಂದೆ ನಕ್ಷತ್ರಗಳ ಕಂಪನಕ್ಕೆ ಸಮೀಕರಣ ಬರೆದವಳು ನಾನು. ಈಗ ಕಾರ್ಖಾನೆಗಳಿಗೆ ಸಲಹೆಗಾರ್ತಿ. ಯಂತ್ರದ ಸದ್ದಿನಿಂದಲೇ ಯಾವ ಬೇರಿಂಗ್ ಸವೆದಿದೆ ಎಂದು ಲೆಕ್ಕ ಹಾಕಿ ಹೇಳುತ್ತೇನೆ. ನಿನ್ನ ಕ್ಯಾಸೆಟ್ಟಿನ ಸದ್ದನ್ನೂ ಹಾಗೆಯೇ ಪರೀಕ್ಷಿಸಿದೆ.

ಹೋದ ವರ್ಷ ಅಪ್ಪ ತೀರಿಕೊಳ್ಳುವ ಮುಂಚೆ ಅಟ್ಟಕ್ಕೆ ಹಾಕಿದ ತೆಂಗಿನಕಾಯಿಗಳು ಈಗ ಒಣಗಿವೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆ, ಅಲುಗಿಸಿದರೆ ಸದ್ದಾಗುತ್ತದೆ. ಆದರೆ ಯಾರಾದರೂ ಅಲುಗಿಸಬೇಕು. ಇಲಿಗಳಾದರೆ ಸದ್ದು ಅಡ್ಡಾದಿಡ್ಡಿ ಇರುತ್ತಿತ್ತು. ಇಲ್ಲಿ ಒಂದು ಕಾಯಿ ಎರಡು ಸಲ ಅಲುಗುತ್ತದೆ, ಸ್ವಲ್ಪ ಹೊತ್ತು ಮೌನ, ಆಮೇಲೆ ಇನ್ನೊಂದು ಕಾಯಿ. ಅಪ್ಪ ಕಿವಿಗೆ ಹಿಡಿದು ನೋಡುತ್ತಿದ್ದುದು ಹಾಗೆಯೇ. "ಇದ್ರಲ್ಲಿನ್ನೂ ನೀರೈತೆ, ಬುಡು" ಎಂದು ಹಸಿಯದನ್ನು ಅಲ್ಲೇ ಬಿಟ್ಟು, ಒಣಗಿದ್ದನ್ನು ಗೋಡೆಯ ಪಕ್ಕ ಒಟ್ಟುತ್ತಿದ್ದರು.

ಅವ್ವನಿಗೆ ಇಲಿ ಎಂದೇ ಹೇಳು. ಕಾಯಿ ಸುಲಿಯುವವರನ್ನು ಕರೆಸಬೇಡ, ತಿಪಟೂರಿನ ಮಂಡಿಗೆ ಈಗಲೇ ಏನನ್ನೂ ಹಾಕಬೇಡ. ಈ ಕಾಗದ ಸೇರಿದ ದಿನ, ಬೆಳಕಿರುವಾಗ ಅಟ್ಟ ಹತ್ತಿ, ಗೋಡೆಯ ಪಕ್ಕ ಕಾಯಿ ಒಟ್ಟಿದೆಯೇ ನೋಡು.

ಒಟ್ಟಿದ್ದರೆ ನನಗೆ ಬರೆಯಬೇಡ. ಏಣಿ ಮಾತ್ರ ತೆಗೆಯದೆ ಅಲ್ಲೇ ಬಿಟ್ಟಿರು, ಕೆಲಸ ಮುಗಿದ ಮೇಲೆ ಅಪ್ಪ ಇಳಿಯಬೇಕಲ್ಲ.

ನಿನ್ನ ಅಕ್ಕ,
ಶಾಂತಕುಮಾರಿ