ಅಚ್ಚಿನಲ್ಲಿ ಉಳಿಸಿದ ಎಳೆ

ಕೊಳ್ಳೇಗಾಲ
14-11-2024

ಪ್ರೀತಿಯ ತಂಗಿ ಪುಷ್ಪಾ,

ಹೇಗಿದ್ದೀಯೆ? ಹಾಸ್ಟೆಲಿನ ಊಟ ಸೇರುತ್ತಿದೆಯೋ, ಇಲ್ಲಾ ಬಿಸ್ಕತ್ತಿನಲ್ಲೇ ದಿನ ತಳ್ಳುತ್ತಿದ್ದೀಯೋ? ಕೆಮ್ಮು ಇನ್ನೂ ಹೋಗಿಲ್ಲದಿದ್ದರೆ ಪುಣೆಯ ಚಳಿಯನ್ನು ಬೈಯುತ್ತಾ ಕೂರಬೇಡ, ಡಾಕ್ಟರ ಹತ್ತಿರ ಹೋಗು. ನಾನು ರಜೆ ಹಾಕಿ ಊರಿಗೆ ಬಂದಿದ್ದೇನೆ. ಚೌಡತ್ತೆ ಚೆನ್ನಾಗಿದ್ದಾಳೆ ಎಂದು ಬರೆಯಬೇಕು. ಊಟ ಮಾಡುತ್ತಾಳೆ, ಮಾತೂ ಆಡುತ್ತಾಳೆ. ಅಮ್ಮ ಹೋದ ಮೇಲೆ ನಮ್ಮಿಬ್ಬರ ತಲೆ ಬಾಚಿ, ಶಾಲೆಗೆ ಕಳಿಸಿ, ಸೆರಗು ಸಿಕ್ಕಿಸಿಕೊಂಡು ಮಗ್ಗದ ಶೆಡ್ಡಿಗೆ ಓಡುತ್ತಿದ್ದವಳು ಈಗ ಬೆಳಿಗ್ಗೆಯಿಂದ ಹೊಸ್ತಿಲ ಮೇಲೆ ಸುಮ್ಮನೆ ಕೂತಿರುತ್ತಾಳೆ. ನೋಡಲಾಗುವುದಿಲ್ಲ ಕಣೇ.

ನಮ್ಮ ಸಲಹಾ ಕಂಪನಿಯವರು ನಿನ್ನನ್ನೂ ಕೆಲಸಕ್ಕೆ ಕರೆದಿದ್ದಾರೆ, ಸೇರಲೋ ಬೇಡವೋ, ಒಳ್ಳೆಯದು ಕೆಟ್ಟದ್ದು ಎರಡೂ ಹೇಳು ಅಂದೆಯಲ್ಲ. ಫೋನಿನಲ್ಲಿ ತಡವರಿಸಿದೆ. ಮೆಸೇಜಿನಲ್ಲಿ ಬರೆದು ಬರೆದು ಅಳಿಸಿದೆ. ಮೊದಲು ಒಳ್ಳೆಯದನ್ನೇ ಹೇಳುತ್ತೇನೆ, ಅದರಲ್ಲಿ ಸುಳ್ಳಿಲ್ಲ. ಅಷ್ಟು ಚುರುಕಿನ ಜನರ ಜೊತೆ ಕೂತು ಕೆಲಸ ಮಾಡುವ ಸುಖ ಬೇರೆಲ್ಲೂ ಸಿಗಲಿಕ್ಕಿಲ್ಲ. ದೊಡ್ಡ ದೊಡ್ಡ ಮಾಲೀಕರು ಟೇಬಲ್ಲಿನ ಸುತ್ತ ಕೂತು, ಕೊಳ್ಳೇಗಾಲದ ನೇಕಾರರ ಮನೆಯ ಹುಡುಗಿ ಏನು ಹೇಳುತ್ತಾಳೆ ಎಂದು ಪೆನ್ನು ಹಿಡಿದು ಕೇಳುತ್ತಾರೆ. ಮೊದಲ ಸಲ ಹಾಗಾದಾಗ ಬಾತ್‌ರೂಮಿಗೆ ಹೋಗಿ ಒಬ್ಬಳೇ ನಕ್ಕಿದ್ದೆ. ಅತ್ತೆಯ ಕಣ್ಣಿನ ಆಪರೇಷನ್ ಆಗಿದ್ದೂ ಈ ಕೆಲಸದಿಂದಲೇ. ಪೊರೆ ತೆಗೆಸಿಕೊಂಡು ಬಂದ ಮಾರನೆಯ ವಾರವೇ ಮಗ್ಗಕ್ಕೆ ಇಳಿದು, ಎಳೆಗಳು ಈಗ ಬೇರೆ ಬೇರೆಯಾಗಿ ಕಾಣುತ್ತವೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಿದ್ದೆಗೆಡುವುದು, ಹಬ್ಬಕ್ಕೆ ಊರಲ್ಲಿಲ್ಲದಿರುವುದು, ಯಾವ ಊರಿನ ಹೋಟೆಲಿನಲ್ಲಿ ಎದ್ದೆ ಎಂದು ಬೆಳಿಗ್ಗೆ ಯೋಚಿಸುವುದು, ಇವೆಲ್ಲ ನಿನಗೆ ಗೊತ್ತಿರುವ ಕಷ್ಟಗಳೇ. ಇವಕ್ಕೆ ಹೆದರಿ ಬಿಡುವ ಹುಡುಗಿ ನೀನಲ್ಲ.

ಕೆಟ್ಟದ್ದು ಬೇರೆ ಇದೆ. ಅತ್ತೆ ನೇಯುತ್ತಿದ್ದ ಶೆಡ್ಡನ್ನು ಕೊಂಡ ಸೀರೆ ಕಂಪನಿ, ತನ್ನ ಶೆಡ್ಡುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮುಚ್ಚಬೇಕು ಎಂದು ಹೇಳಲು ನಮ್ಮ ಕಂಪನಿಯವರನ್ನೇ ಕರೆಸಿತು. ನನ್ನ ಸೋದರತ್ತೆ ಅಲ್ಲೇ ನೇಯುತ್ತಾಳೆ ಎಂದು ನಮ್ಮ ಮ್ಯಾನೇಜರಿಗೆ ಹೇಳಿದೆ. ಒಳ್ಳೆಯದೇ ಆಯಿತು, ಊರು ಗೊತ್ತಿರುವವರು ಬೇಕು, ಆದರೆ ವಿಷಯ ಹೊರಗೆ ಹೋಗಬಾರದು ಅಂದರು. ಹೂಂ ಅಂದೆ. ವರದಿಯಲ್ಲಿ ಕೊಳ್ಳೇಗಾಲದ ಶೆಡ್ ಮುಚ್ಚಬೇಕು ಎಂಬ ಪುಟವನ್ನು ನಾನೇ ತಯಾರು ಮಾಡಿದೆ. ಆ ಪುಟ ತಪ್ಪಲ್ಲ ಪುಷ್ಪಾ, ಶೆಡ್ ನಷ್ಟದಲ್ಲೇ ಇತ್ತು, ಇವತ್ತು ಬರೆದರೂ ಅದನ್ನೇ ಬರೆಯುತ್ತೇನೆ. ಅದನ್ನು ಬರೆದು ಮುಗಿಸಿದ ದಿನ ಸಂಜೆ ಶೆಡ್ಡಿಗೆ ಹೋದೆ. ಅತ್ತೆ ಆಗಷ್ಟೇ ಮಗ್ಗಕ್ಕೆ ಹೂಡಿದ ಉದ್ದೆಳೆಗಳ ಹಾಸು ಮುಗಿಸಿ ಸೀರೆ ಇಳಿಸಿದ್ದಳು. ಮಗ್ಗದ ಬಾಚಣಿಗೆಯಂಥ ಅಚ್ಚಿನಲ್ಲಿ ಗೇಣುದ್ದದ ಹಳೆಯ ಎಳೆಗಳನ್ನು ಎಂದಿನಂತೆ ಬಿಟ್ಟಿದ್ದಳು. ಚಿಕ್ಕವರಿದ್ದಾಗ ನಾವು ಅದನ್ನು ಎಳೆದು ಆಡಿ ಏಟು ತಿಂದದ್ದು ನೆನಪಿದೆಯಾ? ಆ ತುದಿಗಳಿಗೇ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚಬೇಕು, ಸಾವಿನ ಮನೆಯಲ್ಲೂ ಅಚ್ಚನ್ನು ಬರಿದು ಮಾಡುವುದಿಲ್ಲ ಅನ್ನುತ್ತಿದ್ದಳಲ್ಲ. ಕಾಫಿ ಕೊಟ್ಟು, "ಮುಂದ್ಲು ಹಾಸು ಬತ್ತದಲ್ವಾ ಮಗಾ?" ಅಂತ ಕೇಳಿದಳು. ಕಾಫಿ ಚೆನ್ನಾಗಿದೆ ಅತ್ತೆ ಅಂದೆ.

ಆ ವಾರವೇ ಯಳಂದೂರಿನ ಗೋವಿಂದಯ್ಯ ತನ್ನ ಮಗ್ಗಗಳಿಗೆ ನೇಕಾರರು ಬೇಕೆಂದು ಶೆಡ್ಡಿಗೆ ಬಂದಿದ್ದನಂತೆ. ಅತ್ತೆಯ ಜೊತೆ ಶೆಡ್ಡಿನಲ್ಲಿ ನೇಯುತ್ತಿದ್ದ ಮುಳ್ಳೂರಿನ ಶಾಂತರಾಜಣ್ಣ ಹೊರಟು ನಿಂತಿದ್ದನಂತೆ. ಅತ್ತೆಯೇ ತಡೆದಳು. "ನಮ್ ಇಂಚರಾನೇ ಬಂದು ನೋಡ್ಕಂಡ್ ಓಗವ್ಳೆ. ಮುಚ್ಚಂಗಿದ್ರೆ ನಮ್ಗೇಳ್ದೆ ಇದ್ದಾಳಾ?" ಅಂದಳಂತೆ. ಅವಳ ಮಾತು ನಂಬಿ ಯಾರೂ ಹೋಗಲಿಲ್ಲ. ಗೋವಿಂದಯ್ಯ ಬೇರೆ ಊರಿನವರನ್ನು ಕರೆದುಕೊಂಡ. ಹೋದ ವಾರ ಶೆಡ್ಡಿಗೆ ಬೀಗ ಬಿತ್ತು. ಶಾಂತರಾಜಣ್ಣ ಈಗ ಹನೂರಿನ ಬಟ್ಟೆ ಅಂಗಡಿಯಲ್ಲಿ ಗಂಟು ಹೊರುತ್ತಾನೆ. ಎದುರಿಗೆ ಸಿಕ್ಕರೆ ಅತ್ತೆಯನ್ನು ಮಾತನಾಡಿಸುವುದಿಲ್ಲ. ನನ್ನನ್ನು ಮಾತ್ರ ಮೊದಲಿನ ಹಾಗೇ, ಯಾವಾಗ ಬಂದೆ ತಾಯಿ ಅಂತ ಕೇಳುತ್ತಾನೆ, ಅದೇ ಸಂಕಟ. ನಮ್ಮ ಕೆಲಸದಲ್ಲಿ ಹೇಳುವುದನ್ನು ಹೇಳಿ ಬೇರೆ ಊರಿಗೆ ವಿಮಾನ ಹತ್ತುತ್ತೇವೆ. ಈ ಸಲ ಮಾತ್ರ ಬಂದು ನೋಡಿದೆ.

ನನಗೆ ಮೊದಲೇ ಗೊತ್ತಿತ್ತೆಂದು ತಿಳಿದ ಮೇಲೂ ಅತ್ತೆ ಒಂದು ಮಾತೂ ಬೈದಿಲ್ಲ. ನಿನ್ನೆ ನನಗಿಷ್ಟ ಅಂತ ಅವರೆಕಾಳಿನ ಸಾರು ಮಾಡಿದ್ದಳು. ಸೇರು ಎಂದೂ ಬೇಡ ಎಂದೂ ಹೇಳುವ ಮುಖ ನನಗಿಲ್ಲ, ಎಲ್ಲವನ್ನೂ ನಿನ್ನ ಮುಂದೆ ಇಟ್ಟಿದ್ದೇನೆ. ಪರೀಕ್ಷೆ ಚೆನ್ನಾಗಿ ಬರಿ. ಸ್ವೆಟರ್ ಹಾಕಿಕೋ. ಮನೆದೇವರು ಚೌಡಮ್ಮತಾಯಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಇಂಚರ

ಮ.ವಿ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಬಂದಳು. ಶೆಡ್ಡಿಗೆ ಹೋಗಿ ಅವರವರ ಸಾಮಾನು ತಂದುಕೊಳ್ಳಲು ಇವತ್ತು ಬೀಗ ತೆಗೆದಿದ್ದರಂತೆ. ಇದರೊಳಗಿರುವ ಅರಿಶಿನ ಬಣ್ಣದ ರೇಷ್ಮೆ ಎಳೆಗಳು ಅವಳ ಅಚ್ಚಿನಲ್ಲಿದ್ದವು, ಅವಳೇ ಕತ್ತರಿಸಿ ತಂದಿದ್ದಾಳೆ. "ಪುಷ್ಪಂಗೆ ಕಳ್ಸು. ಕೆಲ್ಸಕ್ ಸೇರ್ಲಿ, ನಾ ಬ್ಯಾಡ ಅನ್ನಕಿಲ್ಲ. ಇಂಥದ್ದೇನಾರ ಗೊತ್ತಾದ್ರೆ ಅವ್ಳಾದ್ರೂ ನಮ್ಗೊಂದ್ ಮಾತು ಏಳ್ಲಿ ಅಂತ ಬರಿ" ಅಂದಳು. ಬರೆದಿದ್ದೇನೆ.